ಕಾರಿನ ಬುದ್ಧಿಮಾತು ಯಾರಿಗೆ ಬೇಕು?

2023ರ ಮೇ ತಿಂಗಳಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ದೇಶದ ಐದು ದೊಡ್ಡ ಆನ್‌ಲೈನ್ ಅಂಗಡಿಗಳಿಗೆ ಒಂದು ಆದೇಶ ಕಳಿಸಿತು. ಬೆರಳುದ್ದದ ಒಂದು ಕ್ಲಿಪ್ಪನ್ನು ಇನ್ನು ಮಾರಕೂಡದು ಎಂಬುದು ಅದರ ತಿರುಳು. ಸೀಟ್ ಬೆಲ್ಟಿನ ತುದಿಯಲ್ಲಿ, ಬಕಲ್‌ನೊಳಗೆ ಸಿಕ್ಕಿಸುವ ಲೋಹದ ಪಟ್ಟಿ ಇರುತ್ತದಲ್ಲ, ಈ ಕ್ಲಿಪ್ಪು ಅದರದೇ ತದ್ರೂಪು. ಬೆಲ್ಟು ಮಾತ್ರ ಇರುವುದಿಲ್ಲ. ಅದನ್ನು ಬಕಲ್‌ಗೆ ತುರುಕಿದರೆ ಕೂತವರು ಬೆಲ್ಟ್ ಹಾಕಿಕೊಂಡಿದ್ದಾರೆಂದು ಕಾರು ನಂಬುತ್ತದೆ. ಬೀಪ್ ಬೀಪ್ ಸದ್ದು ಅಡಗುತ್ತದೆ. ಪ್ರಾಧಿಕಾರ ಕ್ರಮ ಕೈಗೊಂಡ ಮೇಲೆ ಆ ತಾಣಗಳಿಂದ ಇಂಥ ಕ್ಲಿಪ್ಪುಗಳ 13,118 ಮಾರಾಟ ಪುಟಗಳನ್ನು ಕಿತ್ತುಹಾಕಲಾಯಿತು.

ಇಷ್ಟು ಪುಟಗಳಿದ್ದವೆಂದರೆ ಕೊಳ್ಳುವವರು ಸಾಕಷ್ಟು ಇದ್ದರೆಂದೇ ಅರ್ಥ. ಲಕ್ಷಗಟ್ಟಲೆ ಕೊಟ್ಟು ಕಾರು ಕೊಂಡವರು, ಆ ಕಾರು ತಮ್ಮ ಜೀವ ಕಾಯಲೆಂದು ಮಾಡುವ ಸದ್ದನ್ನು ಅಡಗಿಸಲು ಮತ್ತಷ್ಟು ದುಡ್ಡು ಕೊಟ್ಟಿದ್ದಾರೆ. ಅದರ ಹಿಂದಿನ ವರ್ಷ, 2022ರಲ್ಲಿ, ಸೀಟ್ ಬೆಲ್ಟ್ ಹಾಕಿಕೊಳ್ಳದೆ ನಮ್ಮ ರಸ್ತೆಗಳಲ್ಲಿ ಸತ್ತವರು 16,715 ಮಂದಿ ಎನ್ನುತ್ತದೆ ಕೇಂದ್ರ ಸಾರಿಗೆ ಸಚಿವಾಲಯದ ವರದಿ. ಅವರಲ್ಲಿ 8,384 ಮಂದಿ ಚಾಲಕರು, ಉಳಿದ 8,331 ಮಂದಿ ಜೊತೆಗೆ ಕೂತಿದ್ದವರು. ವಾಹನಕ್ಕೆ ಬುದ್ಧಿ ತುಂಬುವ ತಂತ್ರಜ್ಞಾನದ ಕಥೆಯನ್ನು ಸಾಮಾನ್ಯವಾಗಿ ಚಾಲಕನಿಲ್ಲದ ಕಾರಿನಿಂದ ಶುರು ಮಾಡುವುದು ರೂಢಿ. ನಾನು ಈ ಕ್ಲಿಪ್ಪಿನಿಂದ ಶುರು ಮಾಡುತ್ತೇನೆ. ಯಂತ್ರಕ್ಕೆ ಬುದ್ಧಿ ಬರುವುದು ಒಂದು ಸಮಸ್ಯೆ, ಆ ಬುದ್ಧಿಮಾತನ್ನು ಮನುಷ್ಯ ಕೇಳುವುದು ಇನ್ನೊಂದು. ಎರಡನೆಯದು ಮೊದಲನೆಯದಕ್ಕಿಂತ ಕಷ್ಟದ್ದೆಂದು ಕಳೆದ ಐವತ್ತು ವರ್ಷಗಳ ಅನುಭವ ಹೇಳುತ್ತಿದೆ.

ಬೆಲ್ಟ್ ನೆನಪಿಸುವ ಸಾಧನ ಬಹಳ ಸರಳವಾದದ್ದು. ಸೀಟಿನಡಿ ಭಾರ ಗುರುತಿಸುವ ಒಂದು ಸೆನ್ಸರ್, ಬಕಲ್‌ನೊಳಗೆ ಒಂದು ಸಣ್ಣ ಸ್ವಿಚ್. ಭಾರ ಇದೆ, ಸ್ವಿಚ್ ಒತ್ತಿಲ್ಲ ಎಂದಾದರೆ ಸದ್ದು. ಆದರೆ ಆ ಸ್ವಿಚ್ಚಿನ ಸುದ್ದಿ ಬೀಪ್ ಸದ್ದಿಗಷ್ಟೇ ಮುಗಿಯುವುದಿಲ್ಲ. ಅಪಘಾತವಾದಾಗ ಏರ್‌ಬ್ಯಾಗ್ ಉಬ್ಬುವುದಕ್ಕೆ ಸಿಗುವ ಸಮಯ ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆ, ಸುಮಾರು 30 ಮಿಲಿಸೆಕೆಂಡು. ಬೆಲ್ಟು ದೇಹವನ್ನು ಸೀಟಿಗೆ ಹಿಡಿದಿಟ್ಟಿರುತ್ತದೆ ಎಂಬ ಲೆಕ್ಕದಲ್ಲೇ ಅದನ್ನು ರೂಪಿಸಿರುತ್ತಾರೆ. ಕೆಲವು ಕಾರುಗಳಲ್ಲಂತೂ ಎಷ್ಟು ಜೋರಿನ ಡಿಕ್ಕಿಗೆ ಏರ್‌ಬ್ಯಾಗ್ ಬಿಚ್ಚಬೇಕೆಂದು ಕಂಪ್ಯೂಟರ್ ನಿರ್ಧರಿಸುವುದೇ ಬಕಲ್ಲಿನ ಸ್ವಿಚ್ ನೋಡಿಕೊಂಡು. ಕ್ಲಿಪ್ಪು ತುರುಕಿದವರು ಆ ಕಂಪ್ಯೂಟರಿಗೂ ಸುಳ್ಳು ಹೇಳಿದಂತಾಯಿತು. ಬೆಲ್ಟಿಲ್ಲದ ದೇಹ ಮುಂದಕ್ಕೆ ಚಿಮ್ಮುವಾಗ ಉಬ್ಬುತ್ತಿರುವ ಚೀಲ ಅದಕ್ಕೆ ಎದುರಾಗುತ್ತದೆ. ಆಗ ಚೀಲವೇ ಪೆಟ್ಟು ಕೊಡಬಲ್ಲದು.

ಹೀಗಿದ್ದೂ ಜನ ಯಾಕೆ ಕ್ಲಿಪ್ಪು ಕೊಳ್ಳುತ್ತಾರೆ? ಅಜ್ಞಾನ, ಉಡಾಫೆ ಎಂದು ಹೇಳಿ ಮುಗಿಸುವುದು ಸುಲಭ. ಅದು ಪೂರ್ತಿ ನಿಜವಲ್ಲ. ಯಂತ್ರದ ಕಡೆಯ ತಪ್ಪನ್ನೂ ನೋಡಬೇಕು.

2019ರ ಜುಲೈ 1ರಿಂದ ಭಾರತದಲ್ಲಿ ಮಾರಾಟವಾಗುವ ಕಾರುಗಳಿಗೆ ಹಲವು ಸಾಧನಗಳು ಕಡ್ಡಾಯವಾದವು: ಚಾಲಕನಿಗೆ ಏರ್‌ಬ್ಯಾಗ್, ಮುಂದಿನ ಎರಡೂ ಸೀಟಿಗೆ ಬೆಲ್ಟ್ ನೆನಪಿಸುವ ಸದ್ದು, ಹಿಂದಕ್ಕೆ ತೆಗೆಯುವಾಗ ಎಚ್ಚರಿಸುವ ಸೆನ್ಸರ್, ಮತ್ತು ವೇಗದ ಎಚ್ಚರಿಕೆ. ಈ ಕೊನೆಯದನ್ನು ಕಾರಿನಲ್ಲಿ ಕೂತವರೆಲ್ಲ ಬಲ್ಲರು. ಗಂಟೆಗೆ 80 ಕಿಲೋಮೀಟರ್ ದಾಟಿದರೆ ಆಗಾಗ ಸದ್ದು, 120 ದಾಟಿದರೆ ಬಿಡದೆ ಸದ್ದು. ಈಗ ಬೆಂಗಳೂರು–ಮೈಸೂರು ಹೆದ್ದಾರಿಯನ್ನು ನೆನೆಸಿಕೊಳ್ಳಿ. ಅಲ್ಲಿ ಕಾರುಗಳಿಗಿರುವ ವೇಗದ ಮಿತಿ 100. ಬಿಡದಿ ದಾಟಿ 90ರಲ್ಲಿ ಹೋಗುತ್ತಿರುವ ಚಾಲಕ ಕಾನೂನಿಗೆ ತಲೆಬಾಗಿಯೇ ಓಡಿಸುತ್ತಿದ್ದಾನೆ. ಆದರೂ ಕಾರು ಅವನನ್ನು ಗದರುತ್ತಿದೆ. ಅದೇ ಚಾಲಕ ಶಾಲೆಯೊಂದರ ಮುಂದಿನ ಇಕ್ಕಟ್ಟಾದ ಬೀದಿಯಲ್ಲಿ 60ರಲ್ಲಿ ನುಗ್ಗಿದರೆ ಕಾರು ತುಟಿ ಬಿಚ್ಚುವುದಿಲ್ಲ. ಏಕೆಂದರೆ ಈ ಸಾಧನಕ್ಕೆ ತಾನು ಯಾವ ರಸ್ತೆಯಲ್ಲಿದ್ದೇನೆಂದು ಗೊತ್ತೇ ಇಲ್ಲ. ಅದಕ್ಕೆ ಗೊತ್ತಿರುವುದು ಎರಡು ಅಂಕೆಗಳು ಮಾತ್ರ. ‘ಹುಲಿ ಬಂತು ಹುಲಿ’ ಎಂದು ದಿನವೂ ಕೂಗಿದ ಹುಡುಗನ ಕಥೆ ನಮಗೆ ಹೊಸದಲ್ಲ. ನಿಜವಾದ ಹುಲಿ ಬಂದ ದಿನ ಊರವರು ಬರಲಿಲ್ಲವೆಂದು ಊರವರನ್ನು ಮಾತ್ರ ದೂರಿ ಫಲವಿಲ್ಲ.

ಅಮೆರಿಕ ಈ ಪಾಠವನ್ನು ದುಬಾರಿ ಬೆಲೆ ತೆತ್ತು ಕಲಿತಿತು. 1974ರ ಮಾದರಿಯ ಕಾರುಗಳಲ್ಲಿ ಮುಂದೆ ಕೂತವರು ಬೆಲ್ಟ್ ಕಟ್ಟಿಕೊಳ್ಳದಿದ್ದರೆ ಎಂಜಿನ್ನೇ ಶುರುವಾಗದಂತೆ ಅಲ್ಲಿನ ಸರಕಾರ ನಿಯಮ ಮಾಡಿತು. ಉದ್ದೇಶ ಒಳ್ಳೆಯದೇ. ಆದರೆ ಆ ಕಾಲದ ಸೆನ್ಸರಿಗೆ ಮನುಷ್ಯ ಯಾವುದು, ದಿನಸಿ ಚೀಲ ಯಾವುದು ಎಂದು ಗೊತ್ತಾಗುತ್ತಿರಲಿಲ್ಲ. ಪಕ್ಕದ ಸೀಟಿನಲ್ಲಿ ತರಕಾರಿ ಚೀಲ ಇಟ್ಟರೂ ನಾಯಿ ಕೂತರೂ ಕಾರು ಮುಷ್ಕರ ಹೂಡುತ್ತಿತ್ತು. ಜನ ಸಿಟ್ಟಿಗೆದ್ದರು, ತಂತಿ ಕಿತ್ತರು, ತಮ್ಮ ಪ್ರತಿನಿಧಿಗಳಿಗೆ ಪತ್ರ ಬರೆದರು. ಅದೇ ವರ್ಷದ ಅಕ್ಟೋಬರಿನಲ್ಲಿ ಅಮೆರಿಕದ ಸಂಸತ್ತು ಇಂಥ ವ್ಯವಸ್ಥೆಯನ್ನು ಕಡ್ಡಾಯ ಮಾಡುವ ಅಧಿಕಾರವನ್ನೇ ಕಿತ್ತುಕೊಂಡಿತು. ಅಷ್ಟಕ್ಕೇ ನಿಲ್ಲದೆ, 8 ಸೆಕೆಂಡಿಗಿಂತ ಹೆಚ್ಚು ಹೊತ್ತು ಬೀಪ್ ಸದ್ದು ಇರಬೇಕೆಂದು ಯಾವ ನಿಯಮವೂ ಹೇಳಕೂಡದು ಎಂದು ಕಾನೂನು ಬರೆಯಿತು. ಆ 8 ಸೆಕೆಂಡಿನ ಕಟ್ಟು ತೆರವಾದದ್ದು 2012ರಲ್ಲಿ. ಒಂದು ಮೊದ್ದು ಸೆನ್ಸರಿನಿಂದಾಗಿ ಸುರಕ್ಷತೆಯ ನಿಯಮವೊಂದು 38 ವರ್ಷ ಕೈಕಟ್ಟಿ ನಿಲ್ಲಬೇಕಾಯಿತು. ತಂತ್ರಜ್ಞಾನ ಹಣ್ಣಾಗುವ ಮೊದಲೇ ಜನರ ಮೇಲೆ ಹೇರಿದರೆ ಅದರ ಹೆಸರು ಎಷ್ಟು ಕಾಲ ಕೆಟ್ಟಿರುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ನನಗೆ ಗೊತ್ತಿಲ್ಲ.

ಯುರೋಪಿನವರು ಅದೇ ಕೆಲಸವನ್ನು ನಾಜೂಕಾಗಿ ಮಾಡಿದರು. ಮೊದಲು ಮೆಲ್ಲಗೆ ಒಂದು ದೀಪ. ಕಾರು ಚಲಿಸಿದ ಮೇಲೆ ಸದ್ದು. ವೇಗ ಏರಿದಂತೆ ಸದ್ದಿನ ಒತ್ತಾಯವೂ ಏರಬೇಕು. ಮನೆಯ ಅಂಗಳದಲ್ಲಿ ಕಾರು ತಿರುಗಿಸುವವರನ್ನು ಅದು ಪೀಡಿಸುವುದಿಲ್ಲ, ರಸ್ತೆಗಿಳಿದವರನ್ನು ಬಿಡುವುದಿಲ್ಲ. ಯುರೋಪಿನ ಹಲವು ನಗರಗಳಲ್ಲಿ ಸಂಶೋಧಕರು ಬೀದಿ ಬದಿ ನಿಂತು ಎಣಿಸಿ 2008ರಲ್ಲಿ ಪ್ರಕಟಿಸಿದ ಲೆಕ್ಕ ಹೀಗಿದೆ: ಇಂಥ ಸಾಧನ ಇಲ್ಲದ ಕಾರುಗಳಲ್ಲಿ ಬೆಲ್ಟ್ ಹಾಕಿದ ಚಾಲಕರು ಶೇಕಡ 85.8, ಇರುವ ಕಾರುಗಳಲ್ಲಿ ಶೇಕಡ 97.5. ಬೆಲ್ಟ್ ಹಾಕದವರ ಸಂಖ್ಯೆ ಐದನೇ ಒಂದು ಭಾಗಕ್ಕಿಂತ ಕೆಳಗಿಳಿಯಿತು. ಅಮೆರಿಕದಲ್ಲೂ ಯುರೋಪಿನಲ್ಲೂ ಸಾಧನದ ಮೂಲತತ್ವ ಒಂದೇ. ಯಾವಾಗ ಮಾತಾಡಬೇಕು, ಎಷ್ಟು ಜೋರಾಗಿ ಮಾತಾಡಬೇಕು ಎಂಬ ವಿವೇಕವೊಂದೇ ವ್ಯತ್ಯಾಸ.

ಕಾರು ಮಾರುವವರು ಆಗಾಗ ಹೇಳುವ ಮಾತೊಂದಿದೆ: ಜನ ಕೇಳುವುದಿಲ್ಲ, ಹಾಗಾಗಿ ನಾವು ಕೊಡುವುದಿಲ್ಲ. ಶೋರೂಮಿನಲ್ಲಿ ನಿಂತು ನೋಡಿದರೆ ಈ ಮಾತು ನಿಜವೆನಿಸುತ್ತದೆ. ಬಂದವರು ದೊಡ್ಡ ಪರದೆ ಮುಟ್ಟಿ ನೋಡುತ್ತಾರೆ, ಸನ್‌ರೂಫ್ ತೆರೆಸಿ ನೋಡುತ್ತಾರೆ, ಮೈಲೇಜ್ ವಿಚಾರಿಸುತ್ತಾರೆ. ಕಾರು ಜಾರಿದಾಗ ಹಿಡಿದು ನಿಲ್ಲಿಸುವ ವ್ಯವಸ್ಥೆಯನ್ನು ತೋರಿಸಿ ಎನ್ನುವವರು ಅಪರೂಪ. ತೋರಿಸುವುದಾದರೂ ಹೇಗೆ? ಅದು ಕೆಲಸ ಮಾಡುವ ಗಳಿಗೆ ಹತ್ತು ವರ್ಷಕ್ಕೊಮ್ಮೆ ಬರಬಹುದು, ಬಂದಾಗಲೂ ಒಂದೆರಡು ಸೆಕೆಂಡಿನಲ್ಲಿ ಮುಗಿದುಹೋಗಬಹುದು. ಕಣ್ಣಿಗೆ ಕಾಣದ, ಆಗದೇ ಹೋದ ಅಪಘಾತಕ್ಕೆ ಜನ ಬೆಲೆ ಕಟ್ಟಬೇಕಾಗಿದೆ.

ಹಾಗಾದರೆ ಬೇಡಿಕೆ ಎಲ್ಲಿಂದ ಬರುತ್ತದೆ? ಸ್ವೀಡನ್ನಿನ ಕಥೆ ಇದಕ್ಕೆ ಉತ್ತರ ಕೊಡುತ್ತದೆ. ಇದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು.

ತಿರುವಿನಲ್ಲಿ ಕಾರು ಜಾರುವುದನ್ನು ತಡೆಯುವ ಎಲೆಕ್ಟ್ರಾನಿಕ್ ಸ್ಥಿರತಾ ನಿಯಂತ್ರಣ ವ್ಯವಸ್ಥೆಯನ್ನು ಬಾಷ್ ಮತ್ತು ಮರ್ಸಿಡಿಸ್ ಕಂಪನಿಗಳು ಸೇರಿ 1995ರಲ್ಲಿ ಮಾರುಕಟ್ಟೆಗೆ ತಂದವು. ಅದರ ತರ್ಕ ಸೊಗಸಾಗಿದೆ. ಸ್ಟೇರಿಂಗ್ ಎಷ್ಟು ತಿರುಗಿದೆ ಎಂಬುದನ್ನು ಒಂದು ಸೆನ್ಸರ್ ನೋಡುತ್ತದೆ. ಅಂದರೆ ಚಾಲಕ ಎತ್ತ ಹೋಗಬಯಸಿದ್ದಾನೆ ಎಂಬುದು ತಿಳಿಯಿತು. ಕಾರಿನ ಮೈ ನಿಜಕ್ಕೂ ಎಷ್ಟು ತಿರುಗುತ್ತಿದೆ ಎಂಬುದನ್ನು ಇನ್ನೊಂದು ಸೆನ್ಸರ್ ಅಳೆಯುತ್ತದೆ. ಎರಡೂ ಹೊಂದದಿದ್ದರೆ ಕಾರು ಜಾರುತ್ತಿದೆ ಎಂದರ್ಥ. ಕೂಡಲೇ ಕಂಪ್ಯೂಟರು ನಾಲ್ಕು ಚಕ್ರಗಳಲ್ಲಿ ಬೇಕಾದ ಒಂದಕ್ಕೆ ಮಾತ್ರ ಬ್ರೇಕ್ ಹಾಕಿ ಮೈಯನ್ನು ಮರಳಿ ದಾರಿಗೆ ಎಳೆಯುತ್ತದೆ. ನಾಲ್ಕು ಚಕ್ರಕ್ಕೆ ಬೇರೆಬೇರೆಯಾಗಿ ಬ್ರೇಕ್ ಹಾಕುವುದು ಯಾವ ಚತುರ ಚಾಲಕನಿಗೂ ಸಾಧ್ಯವಿಲ್ಲ. ಅವನ ಕಾಲಡಿ ಇರುವುದು ಒಂದೇ ಬ್ರೇಕ್ ಪೆಡಲು.

ಇದು ಮೊದಲು ಸಿರಿವಂತರ ಕಾರಿನ ಸೊತ್ತಾಗಿತ್ತು. 1997ರ ಅಕ್ಟೋಬರಿನಲ್ಲಿ ಸ್ವೀಡನ್ನಿನ ‘ಟೆಕ್ನಿಕೆನ್ಸ್ ವಾರ್ಲ್ಡ್’ ಪತ್ರಿಕೆಯವರು ಮರ್ಸಿಡಿಸ್‌ನ ಹೊಸ ಸಣ್ಣ ಕಾರು ಎ-ಕ್ಲಾಸ್ ಅನ್ನು ಪರೀಕ್ಷೆಗೆ ತೆಗೆದುಕೊಂಡರು. ಆ ದೇಶದ ಕಾಡುರಸ್ತೆಗಳಲ್ಲಿ ಮೂಸ್ ಎಂಬ ಭಾರೀ ಗಾತ್ರದ ಜಿಂಕೆ ಏಕಾಏಕಿ ಅಡ್ಡ ಬರುತ್ತದೆ. ಅದನ್ನು ತಪ್ಪಿಸಲು ಸರ್ರನೆ ಒಂದು ಕಡೆ ತಿರುಗಿಸಿ, ಮತ್ತೆ ಸರ್ರನೆ ದಾರಿಗೆ ಮರಳುವುದು ಪರೀಕ್ಷೆಯ ವಿಧಾನ. ಎ-ಕ್ಲಾಸ್ ಪಲ್ಟಿ ಹೊಡೆಯಿತು. ಸುದ್ದಿ ಜಗತ್ತಿಗೆಲ್ಲ ಹಬ್ಬಿತು. ಕಂಪನಿ ಮಾರಾಟ ನಿಲ್ಲಿಸಿ, ಕಾರಿನಲ್ಲಿ ಮಾರ್ಪಾಡು ಮಾಡಿ, ಪ್ರತಿಯೊಂದು ಎ-ಕ್ಲಾಸ್‌ಗೂ ಸ್ಥಿರತಾ ನಿಯಂತ್ರಣವನ್ನು ಅಳವಡಿಸಿಕೊಟ್ಟಿತು. ದೊಡ್ಡ ಕಾರಿನ ತಂತ್ರಜ್ಞಾನ ಸಣ್ಣ ಕಾರಿಗೆ ಇಳಿದದ್ದು ಒಂದು ಪತ್ರಿಕೆಯ ಪರೀಕ್ಷೆಯಿಂದ.

ಆದರೂ 2003ರಲ್ಲಿ ಸ್ವೀಡನ್ನಿನಲ್ಲಿ ಮಾರಾಟವಾಗುತ್ತಿದ್ದ ಹೊಸ ಕಾರುಗಳ ಪೈಕಿ ಇದು ಇದ್ದದ್ದು ಶೇಕಡ 15ರಲ್ಲಿ ಮಾತ್ರ. ಆಗ ಅಲ್ಲಿನ ರಸ್ತೆ ಆಡಳಿತ ಮತ್ತು ಫೋಕ್ಸಾಮ್ ಎಂಬ ವಿಮಾ ಕಂಪನಿಯ ಸಂಶೋಧಕರು ನಿಜವಾದ ಅಪಘಾತಗಳ ದಾಖಲೆ ಹಿಡಿದು ಕೂತರು. ಒದ್ದೆ ರಸ್ತೆಗಳಲ್ಲಿ ಸುಮಾರು ಶೇಕಡ 31, ಹಿಮ ಕಟ್ಟಿದ ರಸ್ತೆಗಳಲ್ಲಿ ಸುಮಾರು ಶೇಕಡ 38 ಅಪಘಾತ ಕಡಿಮೆ ಎಂಬ ಅಂದಾಜು ಸಿಕ್ಕಿತು. ದಾಖಲೆಗಳು ಕಡಿಮೆ ಇದ್ದುದರಿಂದ ಅಂಕಿಗಳ ಆಚೀಚೆ ವ್ಯತ್ಯಾಸಕ್ಕೆ ಸಾಕಷ್ಟು ಜಾಗವಿತ್ತು. ಸಂಶೋಧಕರು ಅದನ್ನು ಮುಚ್ಚಿಡಲಿಲ್ಲ. ಇನ್ನಷ್ಟು ಖಚಿತವಾಗಲೆಂದು ಕಾಯುತ್ತ ಕೂರಲೂ ಇಲ್ಲ. ಈ ವ್ಯವಸ್ಥೆ ಇರುವ ಕಾರನ್ನೇ ಕೊಳ್ಳಿ ಎಂದು ಆಡಳಿತ ಬಹಿರಂಗವಾಗಿ ಹೇಳಿತು. ವಿಮಾ ಕಂಪನಿಗಳು ದನಿಗೂಡಿಸಿದವು. ಸರಕಾರಿ ಇಲಾಖೆಗಳು, ಬಾಡಿಗೆ ಕಾರಿನ ಕಂಪನಿಗಳು ತಾವು ಕೊಳ್ಳುವ ಕಾರಿಗೆ ಅದು ಬೇಕೆಂದು ಕೇಳತೊಡಗಿದವು. ಆಮದುದಾರರು ಐಚ್ಛಿಕವಾಗಿ ಮಾರುತ್ತಿದ್ದುದನ್ನು ಎಲ್ಲ ಕಾರಿಗೂ ಸೇರಿಸಿ ತರಿಸತೊಡಗಿದರು. 48 ತಿಂಗಳಲ್ಲಿ ಶೇಕಡ 15 ಇದ್ದದ್ದು 90ಕ್ಕೆ ಏರಿತು. ಯುರೋಪಿನ ಕಾನೂನು ಎಲ್ಲ ಹೊಸ ಕಾರುಗಳಿಗೂ ಅದನ್ನು ಕಡ್ಡಾಯ ಮಾಡಿದ್ದು 2014ರಲ್ಲಿ, ಅಂದರೆ ಬಹಳ ತಡವಾಗಿ. ನಾಲ್ಕು ವರ್ಷದಲ್ಲಿ ಸ್ವೀಡನ್ನಿನ ಜನರ ಸ್ವಭಾವ ಬದಲಾಗಿರಲಿಲ್ಲ. ಅವರಿಗೆ ನಂಬುವಂಥ ಮಾಹಿತಿ ಸಿಕ್ಕಿತ್ತು, ಬೇಕಾದ ವಸ್ತು ಅಂಗಡಿಯಲ್ಲಿ ಸುಲಭವಾಗಿ ಸಿಗುತ್ತಿತ್ತು. ಬೇಡಿಕೆಯನ್ನು ಬೆಳೆಸಬಹುದು, ಅದಕ್ಕೆ ಯಾರಾದರೂ ಜವಾಬ್ದಾರಿ ಹೊರಬೇಕು.

ಭಾರತದಲ್ಲಿ ಇದರ ಮೊಳಕೆ ಕಾಣಿಸಿದೆ. 2014ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ನಮ್ಮ ಜನಪ್ರಿಯ ಸಣ್ಣ ಕಾರುಗಳನ್ನು ಗೋಡೆಗೆ ಡಿಕ್ಕಿ ಹೊಡೆಸಿ ಸೊನ್ನೆ ನಕ್ಷತ್ರ ಕೊಟ್ಟಾಗ ದೊಡ್ಡ ಚರ್ಚೆಯಾಯಿತು. 2018ರಲ್ಲಿ ಟಾಟಾ ನೆಕ್ಸಾನ್ ಐದು ನಕ್ಷತ್ರ ಪಡೆದ ಮೇಲೆ ನಕ್ಷತ್ರಗಳು ಜಾಹೀರಾತಿನ ಮಾತಾದವು. 2023ರಲ್ಲಿ ನಮ್ಮದೇ ಡಿಕ್ಕಿ ಪರೀಕ್ಷೆಯಾದ ಭಾರತ್ ಎನ್‌ಕ್ಯಾಪ್ ಶುರುವಾಯಿತು. ಅದರಲ್ಲಿ ಮೂರು ಅಥವಾ ಹೆಚ್ಚು ನಕ್ಷತ್ರ ಬೇಕೆಂದರೆ ಸ್ಥಿರತಾ ನಿಯಂತ್ರಣ ಇರಲೇಬೇಕು. ಕಣ್ಣಿಗೆ ಕಾಣದ ಸಾಧನಕ್ಕೆ ಕಣ್ಣಿಗೆ ಕಾಣುವ ಗುರುತು ಸಿಕ್ಕಿತು. ಇದು ಸಣ್ಣ ಸಾಧನೆಯಲ್ಲ.

ಆದರೆ ಸ್ಥಿರತಾ ನಿಯಂತ್ರಣಕ್ಕೆ ಒಂದು ಅನುಕೂಲವಿದೆ: ಅದು ಚಾಲಕನ ಯಾವ ಆಸೆಗೂ ಅಡ್ಡ ಬರುವುದಿಲ್ಲ. ಕಾರು ಜಾರಲಿ ಎಂದು ಯಾರೂ ಬಯಸುವುದಿಲ್ಲ. ವೇಗದ ವಿಷಯ ಹಾಗಲ್ಲ.

1999ರಿಂದ 2002ರವರೆಗೆ ಸ್ವೀಡನ್ನಿನ ಉಮಿಯೊ, ಬೂರ್ಲೆಂಗೆ, ಲಿಡ್‌ಶಾಪಿಂಗ್, ಲುಂಡ್ ಊರುಗಳಲ್ಲಿ ಸುಮಾರು 5,000 ವಾಹನಗಳಿಗೆ ರಸ್ತೆಯ ವೇಗಮಿತಿ ಬಲ್ಲ ಸಾಧನ ಅಳವಡಿಸಿ ದೊಡ್ಡ ಪ್ರಯೋಗ ನಡೆಸಿದರು. ಲುಂಡ್‌ನಲ್ಲಿ ಮಿತಿ ತಲುಪಿದೊಡನೆ ಆ್ಯಕ್ಸಿಲರೇಟರ್ ಪೆಡಲ್ ಕಾಲಿಗೆ ಬಿಗಿಯಾಗುತ್ತಿತ್ತು. ಬೇಕೆಂದರೆ ಜೋರಾಗಿ ಒತ್ತಿ ಮೀರಬಹುದಿತ್ತು. ಆಸ್ಟ್ರೇಲಿಯದ ವಿಕ್ಟೋರಿಯ ರಾಜ್ಯದಲ್ಲಿ ನಡೆದ ‘ಸೇಫ್‌ಕಾರ್’ ಯೋಜನೆಯಲ್ಲಿ ಇಂಥ ಸಾಧನವಿದ್ದ ಕಾರುಗಳ ವೇಗ ಇಳಿಯಿತು. ಸಾಧನ ಆರಿಸಿದ ಮೇಲೆ ಚಾಲಕರು ಹಳೆಯ ವೇಗಕ್ಕೇ ಮರಳಿದರು. ಸಾಧನ ಹೇಳಿದಷ್ಟು ಹೊತ್ತು ಕೇಳಿದರು, ಅದನ್ನು ಅಭ್ಯಾಸ ಮಾಡಿಕೊಳ್ಳಲಿಲ್ಲ. ಬ್ರಿಟನ್ನಿನ ಲೀಡ್ಸ್ ವಿಶ್ವವಿದ್ಯಾಲಯದ ಸಮಾಂತಾ ಜಾಮ್ಸನ್ 2006ರಲ್ಲಿ ಇನ್ನೊಂದು ಪ್ರಶ್ನೆ ಎತ್ತಿದರು: ಬೇಕಾದಾಗ ಹಾಕಿಕೊಳ್ಳಿ, ಬೇಡವಾದಾಗ ಆರಿಸಿ ಎಂದು ಬಿಟ್ಟರೆ ಇದನ್ನು ಬಳಸುವವರು ಯಾರು? ವೇಗವನ್ನು ಇಷ್ಟಪಡುವವರು, ಅಂದರೆ ಯಾರಿಗೆ ಇದು ಅತ್ಯಂತ ಅಗತ್ಯವೋ ಅವರೇ, ಅತಿ ಕಡಿಮೆ ಬಳಸುತ್ತಾರೆ ಎಂಬ ಉತ್ತರ ಬಂತು.

ಈ ಎಲ್ಲ ಅಂಶಗಳಲ್ಲಿ ನನ್ನನ್ನು ಹೆಚ್ಚು ಕಾಡುವುದು ಇದೇ. ಎಚ್ಚರದ ಚಾಲಕ ಎಚ್ಚರಿಕೆಯ ಸಾಧನ ಕೊಳ್ಳುತ್ತಾನೆ. ಅವನಿಗೆ ಅದರ ಅಗತ್ಯ ಕಡಿಮೆ. ಭಾರತದಲ್ಲಿ 2022ರ ರಸ್ತೆ ಸಾವುಗಳಲ್ಲಿ ಶೇಕಡ 71.2ರಷ್ಟು ಅತಿವೇಗದ ಖಾತೆಗೆ ಸೇರಿವೆ. ಮಾರುಕಟ್ಟೆಯ ಆಯ್ಕೆಗೆ ಬಿಟ್ಟರೆ ವೇಗ ತಗ್ಗಿಸುವ ಸಾಧನ ಆ ವೇಗಿಗಳ ಕಾರಿಗೆ ಎಂದೂ ತಲುಪದು. ಯುರೋಪ್ ಒಕ್ಕೂಟ 2024ರ ಜುಲೈಯಿಂದ ಎಲ್ಲ ಹೊಸ ಕಾರುಗಳಿಗೂ ವೇಗಮಿತಿ ತಿಳಿಸುವ ಸಾಧನವನ್ನು ಕಡ್ಡಾಯ ಮಾಡಿರುವುದು ಇದಕ್ಕಾಗಿಯೇ. ಚಾಲಕ ಅದನ್ನು ಆರಿಸಬಹುದು, ಆದರೆ ಮುಂದಿನ ಸಲ ಕಾರು ಶುರು ಮಾಡಿದಾಗ ಅದು ತಾನಾಗಿ ಎದ್ದಿರುತ್ತದೆ. ಪೂರ್ತಿ ಬಲವಂತವೂ ಇಲ್ಲದ, ಪೂರ್ತಿ ಸ್ವೇಚ್ಛೆಯೂ ಇಲ್ಲದ ಈ ನಡುದಾರಿ ನನಗೆ ಸರಿ ಕಾಣುತ್ತದೆ.

ಅದು ನಮ್ಮಲ್ಲಿ ನಡೆಯಬೇಕಾದರೆ ಯಂತ್ರಕ್ಕೆ ನಮ್ಮ ರಸ್ತೆ ಅರ್ಥವಾಗಬೇಕು. ಅಮೆರಿಕದ ವಿಮಾ ಕಂಪನಿಗಳು ನಡೆಸುವ ಹೆದ್ದಾರಿ ಸುರಕ್ಷತಾ ಸಂಸ್ಥೆಯವರು ಸರ್ವಿಸ್‌ಗೆ ಬಂದ ಹೋಂಡಾ ಕಾರುಗಳನ್ನು ಪರೀಕ್ಷಿಸಿ 2016ರಲ್ಲಿ ವರದಿ ಮಾಡಿದ್ದರು. ಮುಂದಿನ ಡಿಕ್ಕಿಯ ಬಗ್ಗೆ ಎಚ್ಚರಿಸುವ ಸಾಧನವನ್ನು ಹೆಚ್ಚುಕಡಿಮೆ ಎಲ್ಲರೂ ಚಾಲೂ ಇಟ್ಟಿದ್ದರು. ಲೇನ್ ತಪ್ಪಿದರೆ ಎಚ್ಚರಿಸುವುದನ್ನು ಮೂರರಲ್ಲಿ ಒಬ್ಬರಷ್ಟೇ ಉಳಿಸಿಕೊಂಡಿದ್ದರು. ಮೊದಲನೆಯದು ಅಪರೂಪಕ್ಕೆ ಕೂಗುತ್ತದೆ. ಎರಡನೆಯದು ಇಂಡಿಕೇಟರ್ ಹಾಕದೆ ಗೆರೆ ಮುಟ್ಟಿದಾಗಲೆಲ್ಲ. ಗೆರೆ ಸ್ಪಷ್ಟವಾಗಿರುವ ದೇಶದಲ್ಲೇ ಹೀಗಾದರೆ, ಬಣ್ಣ ಅಳಿಸಿದ, ಎತ್ತಿನಗಾಡಿಯೂ ಟ್ರ್ಯಾಕ್ಟರೂ ಎದುರು ದಿಕ್ಕಿನಲ್ಲಿ ಬರುವ ರಸ್ತೆಗಳಲ್ಲಿ ಹೇಗಿರಬೇಡ?

ಕ್ಯಾಮೆರಾ ಮೂಲಕ ರಸ್ತೆ ನೋಡುವ ಕಂಪ್ಯೂಟರಿಗೆ ತರಬೇತಿ ಕೊಡಲು ಗುರುತು ಹಾಕಿದ ಸಾವಿರಾರು ಚಿತ್ರಗಳು ಬೇಕು. ಸಂಶೋಧಕರು ಹೆಚ್ಚಾಗಿ ಬಳಸುವ ‘ಸಿಟಿಸ್ಕೇಪ್ಸ್’ ಎಂಬ ಸಂಗ್ರಹ ಮುಖ್ಯವಾಗಿ ಜರ್ಮನಿಯ ನಗರಗಳದ್ದು. ಈ ಕೊರತೆ ನೀಗಲೆಂದು ಹೈದರಾಬಾದಿನ ಟ್ರಿಪಲ್ ಐಟಿ ಮತ್ತು ಇಂಟೆಲ್‌ನವರು ಹೈದರಾಬಾದ್, ಬೆಂಗಳೂರು ಮತ್ತು ಅವುಗಳ ಹೊರವಲಯದಲ್ಲಿ ಕ್ಯಾಮೆರಾ ಕಟ್ಟಿದ ಕಾರು ಓಡಿಸಿ, ಸುಮಾರು 10,000 ಚಿತ್ರಗಳ ಸಂಗ್ರಹವನ್ನು 2018ರಲ್ಲಿ ಎಲ್ಲರಿಗೂ ತೆರೆದಿಟ್ಟರು. ಅದರಲ್ಲಿ 34 ಬಗೆಯ ಗುರುತುಗಳಿವೆ. ಆಟೊರಿಕ್ಷಾಕ್ಕೆ ಪ್ರತ್ಯೇಕ ಗುರುತಿದೆ, ಪ್ರಾಣಿಗಳಿಗಿದೆ. ಡಾಂಬರಿನ ಅಂಚಿನಾಚೆಗೆ ಬೇಕಾದರೆ ಚಕ್ರ ಇಳಿಸಬಹುದಾದ ಮಣ್ಣಿನ ಜಾಗಕ್ಕೂ ಒಂದು ಗುರುತಿದೆ. ನಮ್ಮ ಚಾಲಕರಿಗೆ ರಸ್ತೆ ಎಲ್ಲಿ ಮುಗಿಯುತ್ತದೆ ಎಂಬುದು ಗೆರೆಯಿಂದ ತೀರ್ಮಾನವಾಗುವುದಿಲ್ಲ ಎಂಬ ಸತ್ಯವನ್ನು ವಿಜ್ಞಾನಿಗಳು ಹೀಗೆ ಯಂತ್ರಕ್ಕೆ ಕಲಿಸತೊಡಗಿದರು. ಈ ಕೆಲಸಕ್ಕೆ ಸಿಗಬೇಕಾದ ಪ್ರಚಾರ ಸಿಕ್ಕಿಲ್ಲ.

ಇನ್ನೊಂದು ಮಾತು ಉಳಿದಿದೆ. ಇಷ್ಟು ಹೊತ್ತೂ ಕಾರು ಕೊಳ್ಳುವವರ ಮಾತಾಡಿದೆವು. 2022ರಲ್ಲಿ ಭಾರತದ ರಸ್ತೆಗಳಲ್ಲಿ ಸತ್ತ 1,68,491 ಜನರಲ್ಲಿ 32,825 ಮಂದಿ ನಡೆದು ಹೋಗುತ್ತಿದ್ದವರು, ಶೇಕಡ 44.5ರಷ್ಟು ದ್ವಿಚಕ್ರ ವಾಹನದಲ್ಲಿದ್ದವರು. ಎದುರಿಗೆ ಬಂದ ಮನುಷ್ಯನನ್ನು ಕಂಡು ತಾನಾಗಿ ಬ್ರೇಕ್ ಹಾಕುವ ಕಾರಿಗೆ ಹಣ ಕೊಡುವವನು ಕಾರಿನ ಒಡೆಯ, ಬದುಕುವವನು ರಸ್ತೆ ದಾಟುತ್ತಿದ್ದವನು. ಅವನು ಶೋರೂಮಿಗೆ ಬರುವುದೇ ಇಲ್ಲ. ಲಾರಿಯ ವಿಷಯದಲ್ಲಿ ಈ ಅಂತರ ಇನ್ನೂ ಹೆಚ್ಚು: ಲಾರಿ ಕೊಳ್ಳುವವರು ಮಾಲೀಕರು, ರಾತ್ರಿಯಿಡೀ ಓಡಿಸುವವರು ಸಂಬಳದ ಚಾಲಕರು, ಎಡಬದಿಯ ಕಾಣದ ಜಾಗದಲ್ಲಿ ಸಿಲುಕುವವರು ಬೈಕಿನವರು. ಮೂವರಲ್ಲಿ ಬೇಡಿಕೆ ಎಂದು ಲೆಕ್ಕಕ್ಕೆ ಬರುವುದು ಮೊದಲನೆಯವರ ಇಷ್ಟವೊಂದೇ. ಬಸ್ಸು ಲಾರಿಗಳಿಗೆ ತಾನಾಗಿ ಬ್ರೇಕ್ ಹಾಕುವ, ತೂಕಡಿಕೆ ಗುರುತಿಸುವ, ಲೇನ್ ತಪ್ಪಿದರೆ ಎಚ್ಚರಿಸುವ ಸಾಧನಗಳನ್ನು ಕಡ್ಡಾಯ ಮಾಡುವ ಕರಡು ಅಧಿಸೂಚನೆಯನ್ನು ಕೇಂದ್ರ ಸಾರಿಗೆ ಸಚಿವಾಲಯ 2025ರಲ್ಲಿ ಹೊರಡಿಸಿತು. ಅದನ್ನು ಜಾರಿಗೆ ತರುವ ಮುನ್ನ ಈ ಸಾಧನಗಳನ್ನು ನಮ್ಮದೇ ಘಟ್ಟದ ತಿರುವುಗಳಲ್ಲಿ, ಮಳೆಗಾಲದ ಶಿರಾಡಿಯಲ್ಲಿ, ಸಂತೆಯ ದಿನದ ಊರ ನಡುವೆ ಓಡಿಸಿ ನೋಡಬೇಕು. ಎಲ್ಲಿ ಅನಗತ್ಯವಾಗಿ ಕೂಗಿತು, ಎಲ್ಲಿ ಕೂಗಬೇಕಾದಾಗ ಸುಮ್ಮನಿತ್ತು ಎಂದು ಹೇಳಬಲ್ಲವರು ಆ ಸೀಟಿನಲ್ಲಿ ಕೂತ ಚಾಲಕರು. ಮೊದಲು ಅವರನ್ನು ಕೇಳಬೇಕು.